ಐದನೆಯ ಉಸಿರು

ಯಲ್ಲಾಪುರದಲ್ಲಿ ಮೂವತ್ತು ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದೇನೆ. ನೀರು ಕುಡಿದ ಗಾಡಿಗಳ ಜತೆ ಏಗಿ ಏಗಿ ಸಾಕಾಗಿದೆ. ಸ್ಕ್ಯಾನರ್ ಇದ್ದರೂ ನಾನು ಮೊದಲು ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿಯುತ್ತೇನೆ. ಯಾವ ಸಿಲಿಂಡರು ಉರಿಯುತ್ತಿಲ್ಲವೆಂದು ಕೈಗೇ ತಿಳಿಯುತ್ತದೆ.

ಕಳೆದ ಜುಲೈಯ ಒಂದು ಮಧ್ಯಾಹ್ನ ಸಿದ್ದಾಪುರದ ಸುಹಾಸ ಎಂಬವರು ಕೆಂಪು ಸ್ಪೋರ್ಟ್ಸ್ ಕಾರು ತಂದರು. ಮಾಗೋಡಿನ ದಾರಿಯಲ್ಲಿ ಅದು ಎರಡು ದಿನ ಮಳೆಯಲ್ಲೇ ನಿಂತಿತ್ತಂತೆ.

"ಎಂಜಿನ್ ಜರ್ಕ್ ಹೊಡೀತದೆ ಮಾರಾಯ್ರೆ. ಶಿರಸಿಯಲ್ಲಿ ಮೂರು ಕಡೆ ತೋರಿಸ್ದೆ. ಎಲ್ಲ ಸರಿ ಇದೆ ಅಂದ್ರು."

ನಾಲ್ಕು ಸಿಲಿಂಡರಿನ ಎಂಜಿನ್ನು, ಸುತ್ತಿಗೆ ನಾಲ್ಕೇ ಉಸಿರು ಬರಬೇಕು. ಅಂಗೈ ಹಿಡಿದೆ. ನಾಲ್ಕು ಬಿಸಿ ಉಸಿರು ಬಂದವು, ಅವುಗಳ ಹಿಂದೆ ಒಂದು ತಣ್ಣನೆಯದು. ಮತ್ತೆ ನಾಲ್ಕು, ಮತ್ತೆ ತಣ್ಣನೆಯದು. ಸೈಲೆನ್ಸರ್ ಬಿಚ್ಚಿ ನೀರು ಬಸಿದೆ, ಪ್ಲಗ್ ಬದಲಿಸಿದೆ, ಕಾಯಿಲ್ ಒಣಗಿಸಿದೆ. ಜರ್ಕ್ ಹೋಯಿತು. ಕೊನೆಗೆ ಎಂಜಿನ್ ಬಂದ್ ಮಾಡಿ ಅಂಗೈ ಇಟ್ಟೆ. ಬಿಸಿ ಉಸಿರು ನಾಲ್ಕೂ ನಿಂತಿದ್ದವು. ಐದನೆಯದು ಮಾತ್ರ, ಮಲಗಿದವರ ಉಸಿರಿನ ಹಾಗೆ, ನಿಧಾನವಾಗಿ ಬರುತ್ತಲೇ ಇತ್ತು.

ನನಗೆ ಸೊಂಟ ನೋಯುತ್ತಿತ್ತು. "ಎಲ್ಲ ಸರಿ ಇದೆ, ತಗೊಂಡು ಹೋಗಿ," ಎಂದೆ.

ಸುಹಾಸ ನನ್ನ ಅಂಗೈಯನ್ನೇ ನೋಡುತ್ತಿದ್ದರು. "ಎಷ್ಟು ಎಣಿಸಿದ್ರಿ?"

"ನಾಲ್ಕು."

"ಶಿರಸಿಯವರೂ ನಾಲ್ಕೇ ಅಂದ್ರು," ಎಂದು ಸುಸ್ತಾದವರಂತೆ ಕಾರು ಹತ್ತಿ ಹೊರಟುಹೋದರು.

ಮೊನ್ನೆ ಒಂದು ಮದುವೆಗೆ ಹೊರಟಿದ್ದೆವು. ಹೆಂಡತಿ ಖತೀಜಾ ನನ್ನ ಅಂಗೈ ಹಿಡಿದು ಅತ್ತರು ಹಚ್ಚುತ್ತಿದ್ದವಳು ತಟ್ಟನೆ ಬಿಟ್ಟಳು.

"ತಣ್ಣಗೆ ಗಾಳಿ ಬರ್ತಾ ಇದೆ. ಕಿಟಕಿ ತೆಗೆದಿದ್ದೀರಾ?"

ಕಿಟಕಿ ಮುಚ್ಚಿತ್ತು.