ದಿಮ್ಮಿ ಹತ್ತಿಸದ ಜೀಪು

ಸೋಮವಾರ ಬೆಳಿಗ್ಗೆ ಠಾಣೆಯಲ್ಲಿ ಇನ್ನೂ ಕಸ ಗುಡಿಸಿರಲಿಲ್ಲ. ಒಬ್ಬ ಹೆಂಗಸು ಒಳಗೆ ಬಂದು, ಬಟ್ಟೆಯ ಚೀಲದಿಂದ ಅಂಗೈಯಗಲದ ಉಕ್ಕಿನ ತುಂಡೊಂದನ್ನು ತೆಗೆದು ಮೇಜಿನ ಮೇಲಿಟ್ಟಳು.

"ನನ್ನ ಗಂಡನ ಜೀಪಿಂದು ಸಾರ್. ನಿನ್ನೆ ಗುಡ್ಡದ ರೇಸಲ್ಲಿ ಮಗುಚ್ಕೊಳ್ತು. ಅವರ ಕಾಲು ಎರಡು ಕಡೆ ಮುರಿದಿದೆ. ಇದನ್ನ ಯಾರೋ ಕುಯ್ದಿದಾರೆ."

ಇನ್‌ಸ್ಪೆಕ್ಟರ್ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮುರಿದ ಅಂಚಿನ ಅರ್ಧ ಒರಟಾಗಿ ಹರಿದಿತ್ತು. ಇನ್ನರ್ಧ ಗರಗಸದ ಗೆರೆಗಳೊಂದಿಗೆ ನೇರವಾಗಿತ್ತು. ಎಫ್‌ಐಆರ್ ದಾಖಲಾಯಿತು.

"ಅನುಮಾನ ಯಾರ ಮೇಲೆ?"

"ಎದುರಿಗೆ ಎಲ್ರೂ ಹಲ್ಲು ಕಿರಿಯೋರೇ. ಒಳಗೆ ಹೊಟ್ಟೆಕಿಚ್ಚು ಯಾರಿಗಿದೆಯೋ! ಜೀಪು ರಿಪೇರಿ ಆಗಿದ್ದು ನಮ್ಮಪ್ಪನ ಗ್ಯಾರೇಜಲ್ಲೇ."

ಜೀಪನ್ನು ಅದೇ ಗ್ಯಾರೇಜಿಗೆ ಎಳೆದು ತಂದಿದ್ದರು. ಪಂಚನಾಮೆಗೆಂದು ದಪ್ಪನೆಯ ಹೆಡ್ ಕಾನ್‌ಸ್ಟೇಬಲ್ ಅದರಡಿ ತೂರಿದರು. "ಒಳಗೇನೋ ಬಂದೆ ಸಾರ್, ಹೊರಗೆ ಬರೋದು ದೇವರ ಚಿತ್ತ," ಎಂಬ ದನಿ ಕೇಳಿಸಿತು.

ಹಿಂದಿನ ಶಾಕ್ ಅಬ್ಸಾರ್ಬರ್‌ಗಳ ಕೆಳತುದಿ ಚಕ್ರಗಳನ್ನು ಕೂಡಿಸುವ ಆ್ಯಕ್ಸಲ್ಲಿನ ಕೆಳಗೆ ಜೋತು ಬಂಡೆಗಳಿಗೆ ಬಡಿಯುತ್ತಿತ್ತು. ಹಾಗಾಗಿ ರೇಸಿಗೆ ಮುಂಚೆ ಹಳೆಯ ಹಿಡಿಕೆಗಳನ್ನು ಕತ್ತರಿಸಿ, ಆ್ಯಕ್ಸಲ್ಲಿನ ಮೇಲ್ಗಡೆ ಹೊಸ ಬ್ರಾಕೆಟ್ ಬೆಸೆದಿದ್ದರು. ಬಲಗಡೆಯದು ಗಟ್ಟಿಯಾಗಿತ್ತು. ಹೆಂಗಸು ತಂದಿದ್ದ ತುಂಡು ಎಡಗಡೆಯದು; ಅದು ಮುರಿದು, ಶಾಕ್ ಕಳಚಿ ಚಕ್ರಕ್ಕೆ ಸಿಕ್ಕಿಕೊಂಡಿತ್ತು. ಗರಗಸದ ಗೀರಿನಲ್ಲಿ ಪುಟ್ಟಿ ತುಂಬಿ ಕಪ್ಪು ಬಣ್ಣ ಬಳಿದಿದ್ದರು.

"ಬೆಸೆದದ್ದು ಯಾರು?"

"ನಾನೇ," ಎಂದರು ಗ್ಯಾರೇಜಿನ ಯಜಮಾನರು.

"ಬಣ್ಣ?"

"ಅದೂ ನಾನೇ."

"ಆಮೇಲೆ ಬೇರೆ ಯಾರಾದ್ರೂ ಮುಟ್ಟಿದ್ರಾ?"

ಮುದುಕರು ಅಂಗಳದಲ್ಲಿ ಬಿದ್ದಿದ್ದ ಮರದ ದಿಮ್ಮಿಗಳನ್ನು ನೋಡುತ್ತಾ ಕೂತರು.

ವೈರಿಂಗ್ ಕೆಲಸದವನು ಹೇಳಿದ: "ಎಂಥ ಗಾಡಿಯಾದ್ರೂ ಈ ದಿಮ್ಮಿ ಹತ್ತಿಸಿ ಇಳಿಸದೆ ಗೇಟು ದಾಟಿಸಲ್ಲ, ಇಲ್ಲಿನ ಪದ್ಧತಿ. ನಿನ್ನೆ ಒಂದೇ ದಿನ ತಪ್ಪಿದ್ದು. ಯಜಮಾನ್ರು ಒಳಗೆ ಪ್ರಾರ್ಥನೆಗೆ ಕೂತಿದ್ರು. ಅಳಿಯಂದಿರು, 'ನಮ್ಮಾವ ಬೆಸೆದದ್ದಕ್ಕೆ ಪರೀಕ್ಷೆ ಬೇರೆ ಕೇಡು' ಅಂತ ನಕ್ಕೊಂಡು ಹೊರಟೇಬಿಟ್ರು."

ಅಲ್ಲಿಂದ ಪೊಲೀಸರಿಬ್ಬರೂ ಗುಡ್ಡಕ್ಕೆ ಹೋದರು. ರೇಸಿನಲ್ಲಿ ಬಾವುಟ ಬೀಸುವವನ ಹೇಳಿಕೆ ಪಡೆದರು.

"ಚಪ್ಪಲಿ ಕೂಡ ಇಲ್ದೆ ಒಬ್ರು ಮುದುಕರು ಸ್ಕೂಟರಲ್ಲಿ ಬಂದ್ರು. 'ನಿಲ್ಸಿ, ಅವನನ್ನ ನಿಲ್ಸಿ' ಅಂತ ಗಂಟಲು ಹರಿಯೋ ಹಾಗೆ ಕೂಗ್ತಿದ್ರು."

"ಜೀಪು ಮಗುಚಿದ ಮೇಲಾ?"

"ಇಲ್ಲ ಸಾರ್. ಆಗಿನ್ನೂ ಚೆನ್ನಾಗೇ ಹತ್ತುತ್ತಿತ್ತು."

ಹೆಡ್ ಕಾನ್‌ಸ್ಟೇಬಲ್ ಬರೆಯುವುದನ್ನು ನಿಲ್ಲಿಸಿ ಇನ್‌ಸ್ಪೆಕ್ಟರರ ಮುಖ ನೋಡಿದರು.

ಮಧ್ಯಾಹ್ನ ಗ್ಯಾರೇಜಿಗೆ ಮರಳಿದಾಗ ಮಗಳೂ ಅಲ್ಲೇ ಇದ್ದಳು. ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯಲು ಬಂದಿದ್ದಳು.

"ಮುರಿಯೋಕೆ ಮುಂಚೆನೇ ನಿಮಗೆ ಹೇಗೆ ಗೊತ್ತಾಯ್ತು?" ಇನ್‌ಸ್ಪೆಕ್ಟರ್ ಮೆಲ್ಲಗೆ ಕೇಳಿದರು.

ಮುದುಕರು ಮಗಳ ಕಡೆ ತಿರುಗಿದರು. "ಆಪರೇಷನ್ ಯಾವಾಗ?"

"ಇನ್ನೇನು, ಒಳಗೆ ಕರ್ಕೊಂಡು ಹೋಗ್ತಾರೆ."

ಮುದುಕರು ಇನ್‌ಸ್ಪೆಕ್ಟರರ ಕೈ ಹಿಡಿದರು. "ಸಾರ್, ನನ್ನ ವಿಚಾರ ಆಮೇಲಿರ್ಲಿ. ಮೊದ್ಲು ಡಾಕ್ಟ್ರಿಗೆ ಫೋನ್ ಮಾಡಿ. ಅಳಿಯನ ಎದೆ ಬಡಿತ ತಪ್ಪುತ್ತೆ. ನನ್ನೆದುರಿಗೇ ಎರಡು ಸಲ ಪ್ರಜ್ಞೆ ತಪ್ಪಿ ಬಿದ್ದಿದ್ದ. ಅರಿವಳಿಕೆ ಕೊಡೋ ಮುಂಚೆ ಅವರಿಗೆ ತಿಳೀಬೇಕು."

ಇನ್‌ಸ್ಪೆಕ್ಟರ್ ನಿಂತಲ್ಲೇ ಫೋನ್ ಮಾಡಿದರು. ಆಪರೇಷನ್ ಮುಂದಕ್ಕೆ ಹೋಯಿತು. ಹೃದಯದ ವೈದ್ಯರನ್ನು ಕರೆಸಿದರು.

"ನನಗೊಂದು ಮಾತು ಹೇಳಬಾರದಿತ್ತಾ ಅಪ್ಪಾ?"

"ನಿನ್ನ ಮೇಲೆ ಆಣೆ ಹಾಕಿಸ್ಕೊಂಡಿದ್ದ ಮಗಳೇ. ಗೊತ್ತಾದ್ರೆ ನೀನು ರೇಸು ಬಿಡಿಸ್ತೀಯ ಅಂತ. ಆ ಎದೆ ಹೊತ್ತು ಅವನು ರೇಸಿಗೆ ಹೋಗೋದು ಬೇಡ, ಬ್ರಾಕೆಟ್ಟು ದಿಮ್ಮಿ ಮೇಲೇ ಮುರಿದುಬೀಳ್ಲಿ, ಗಾಡಿ ಗೇಟು ದಾಟದೇ ಇರ್ಲಿ ಅಂತ ಅರ್ಧ ಕುಯ್ದೆ."

ಹೇಳಿಕೆ ಬರೆದುಕೊಂಡು, ಗರಗಸ ವಶಪಡಿಸಿಕೊಂಡು, ಇನ್‌ಸ್ಪೆಕ್ಟರ್ ಮುದುಕರನ್ನು ಬಂಧಿಸಿದರು. ತನ್ನ ಕೈಯ ಬೆಸುಗೆಯನ್ನು ಯಾರಾದರೂ ಕಣ್ಣುಮುಚ್ಚಿ ನಂಬಿಬಿಡಬಹುದೆಂಬ ಯೋಚನೆ ಆ ಮನುಷ್ಯನಿಗೆ ಬಂದಿರಲಿಲ್ಲ. ಬಾಯಿ ಬಿಟ್ಟರೆ ಮಗಳಿಗೆ ಕೇಡಾದೀತೆಂಬ ಭಯವೊಂದೇ ಒಳಗೆ ತುಂಬಿಕೊಂಡಿತ್ತು. ಆಣೆಯನ್ನು ಕೇಳಿಸಿಕೊಂಡ ದೇವರು ಆ ಭಯವನ್ನೂ ಕೇಳಿಸಿಕೊಂಡಿರುತ್ತಾನೆ.

ಪೊಲೀಸ್ ವಾಹನದ ಹತ್ತಿರ ಮಗಳು ಓಡಿಬಂದು ಅಪ್ಪನ ತೋಳು ಹಿಡಿದಳು. ಬೈಯುತ್ತಾಳೆಂದು ಮುದುಕರು ತಲೆ ತಗ್ಗಿಸಿದರು.

"ತಲೆ ಎತ್ತಪ್ಪಾ. ಆಣೆ ಮುರಿದಾಯ್ತಲ್ಲ? ನೋಡು, ನನಗೇನೂ ಆಗಿಲ್ಲ."

ಅವರು ತಲೆಯೆತ್ತಿ, ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹೆಡ್ ಕಾನ್‌ಸ್ಟೇಬಲ್ ವಾಹನದ ಬಾಗಿಲು ಹಿಡಿದು ಕಾದರು; ಬೇಗ ಹತ್ತಿ ಎನ್ನಲಿಲ್ಲ.