ಕೆಂಪು ಬಕೆಟ್ಟಿನ ಮುಸುರೆ

“ಏನ್ರೀ, ಸಾಲಿ ಮಾಸ್ತರ ಮನಿಯವ್ರು ನೀವು, ಕೆಂಪು ಬಕೆಟ್‌ನ್ಯಾಗ ಬಾಳಿಸಿಪ್ಪಿ ಹಾಕೀರಲ್ಲ?”

ಅನೀಲಕುಮಾರ ನನ್ನ ಜೊತೆ ಆಡಿದ ಮೊದಲ ಮಾತು ಇದು. ಉಳಿದ ಹುಡುಗಿಯರಿಗೆ ಏನೇನೋ ಚೆಂದದ ಮಾತು ಸಿಗುತ್ತವಂತೆ. ನನ್ನ ಪಾಲಿಗೆ ಬಾಳೆಸಿಪ್ಪೆ ಬಂತು.

ಆ ವರ್ಷ ಸಿಂದಗಿಯ ನಮ್ಮ ಓಣಿಗೆ ಪುರಸಭೆಯವರು ಮನೆಗೆರಡು ಬಕೆಟ್ ಹಂಚಿದ್ದರು. ಹಸಿರಿನಲ್ಲಿ ಹಸಿ ಕಸ, ಕೆಂಪಿನಲ್ಲಿ ಒಣ ಕಸ. ಖಾಜಾಸಾಬ ಗಂಟೆ ಬಾರಿಸುತ್ತ ಕೈಗಾಡಿ ತಳ್ಳಿಕೊಂಡು ಬರುತ್ತಿದ್ದ. ಬಕೆಟ್ಟಿನಲ್ಲಿ ಇಣುಕಿ ತಪ್ಪು ಹುಡುಕುವ ಗುತ್ತಿಗೆ ನೌಕರಿ ಇಂಗಳೇಶ್ವರದ ಈ ಅನೀಲಕುಮಾರನದು.

ಅಜ್ಜಿ ರಂಗೂಬಾಯಿಗೆ ಸಿಟ್ಟು ನೆತ್ತಿಗೇರಿತು. “ವಾಣಿ, ನಮ್ಮನಿ ಕಸ ಕೂಡೇದಂತ ಓಣಿಗೆಲ್ಲಾ ಕೇಳಸ್ತಲ್ಲ!” ಪುರಸಭೆ ಹುಟ್ಟುವ ಮೊದಲೇ ಕಸ ಬೇರೆ ಮಾಡಿದವಳು ಅವಳು. ಅನ್ನ ಸಾರಿನ ಮುಸುರೆ ಒಂದು ಕಡೆ, ಒಣದ್ದು ಇನ್ನೊಂದು ಕಡೆ. ಮಡಿಯಲ್ಲಿದ್ದಾಗ ಒಂದು ಅಗುಳು ತಾಗಿದರೂ ಮತ್ತೆ ತಲೆಯ ಮೇಲೆ ನೀರು ಹಾಕಿಕೊಳ್ಳುತ್ತಿದ್ದಳು.

ಮೊದಲ ಸಲ ನಾನು ನಿಜವಾಗಿಯೂ ತಪ್ಪಿದ್ದೆ. ಆಮೇಲಿನದೆಲ್ಲ ಬೇಕಂತಲೇ. ಸರಿಯಾಗಿ ಬೇರೆ ಮಾಡಿದ ಮನೆಯ ಮುಂದೆ ಗಾಡಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಕೂಡಿಸಿದವರನ್ನು ಮಾತ್ರ ಹೊರಗೆ ಕರೆಯುತ್ತಾರೆ. ನನಗೆ ಆ ಕರೆ ಬೇಕಿತ್ತು. ಒಂದು ದಿನ ಬದನೆ ತೊಟ್ಟು, ಇನ್ನೊಂದು ದಿನ ಚಹಾಪುಡಿ. ಒಮ್ಮೆ ನನ್ನ ಜಡೆಯ ಬಾಡಿದ ಮಲ್ಲಿಗೆಯನ್ನೇ ಕೆಂಪು ಬಕೆಟ್ಟಿಗೆ ಹಾಕಿದೆ.

ಅವನು ಅದನ್ನು ಎರಡು ಬೆರಳಲ್ಲಿ ಎತ್ತಿದ. ಹೂವು ನೋಡಿದ, ನನ್ನ ಜಡೆ ನೋಡಿದ, ಅವನ ಕಿವಿ ಕೆಂಪಗಾದವು.

“ಇದು ಹಸಿರಿಗೆ ಬರ್ತೈತ್ರಿ.”

“ಒಣಗೇದಲ್ಲಾ?”

“ವಾಸನಿ ಇನ್ನೂ ಐತ್ರಿ.”

ಹೂವು ಹಸಿರಿಗೂ ಹೋಗಲಿಲ್ಲ, ಕೆಂಪಿಗೂ ಹೋಗಲಿಲ್ಲ. ಅವನ ಅಂಗಿಯ ಕಿಸೆಗೆ ಹೋಯಿತು. ಖಾಜಾಸಾಬ ಸುಮ್ಮಸುಮ್ಮನೆ ಕೆಮ್ಮಿದ. ಒಳಗೆ ತುಳಸಿಕಟ್ಟೆಯ ಹತ್ತಿರ ಜಪಕ್ಕೆ ಕೂತಿದ್ದ ಅಜ್ಜಿಯ ತುಟಿ ನಿಂತಿದ್ದನ್ನು ನಾನು ನೋಡಿದೆ.

ಶ್ರಾವಣ ಕಳೆದ ಮೇಲೆ ಅಪ್ಪ ಸೊಲ್ಲಾಪುರದ ವರ ಗೊತ್ತು ಮಾಡಿ ಬಂದರು. ನನ್ನನ್ನು ಕೇಳಲಿಲ್ಲ, ಹೇಳಿದರು. ನಮ್ಮದು ವೈಷ್ಣವರ ಮನೆ, ಅನೀಲಕುಮಾರನದು ಲಿಂಗಾಯತರದು. ಬಾಯಿ ಬಿಟ್ಟರೆ ಅಪ್ಪ ಮತ್ತೆ ಓಣಿಯಲ್ಲಿ ತಲೆ ಎತ್ತುವುದಿಲ್ಲ. ಅಳುವುದೊಂದು ಬಿಟ್ಟು ನನ್ನಿಂದ ಏನೂ ಆಗಲಿಲ್ಲ. ನೀನಂದರೆ ನನಗೆ ಜೀವ ಅಂತ ಅವನಿಗೊಂದು ಮಾತು ಹೇಳಿ ಹೋಗಬೇಕಿತ್ತು, ಅದಕ್ಕೂ ಧೈರ್ಯ ಬರಲಿಲ್ಲ. ಅಂದಿನಿಂದ ಕಸ ಸರಿಯಾಗಿ ಬೇರೆ ಮಾಡತೊಡಗಿದೆ. ಗಾಡಿ ನಮ್ಮ ಕಟ್ಟೆಯ ಮೇಲಿನ ಬಕೆಟ್ ಖಾಲಿ ಮಾಡಿ ಮುಂದೆ ಹೋಗುತ್ತಿತ್ತು. ನಾನು ಕದದ ಹಿಂದೆ ನಿಂತು ಗಂಟೆ ಕೇಳುತ್ತಿದ್ದೆ.

ಸೊಲ್ಲಾಪುರಕ್ಕೆ ಮದುವೆಗೆ ಹೊರಡುವ ದಿನ ಮುಂಜಾನೆ ಗಂಟೆ ನಮ್ಮ ಬಾಗಿಲಲ್ಲೇ ನಿಂತಿತು.

“ಕೆಂಪು ಬಕೆಟ್‌ನ್ಯಾಗ ಅನ್ನ ಐತ್ರಿ!”

ನನಗೆ ಅರ್ಥವೇ ಆಗಲಿಲ್ಲ. ಎರಡೂ ಬಕೆಟ್ ನಾನೇ ಬೇರೆ ಮಾಡಿ ತುಂಬಿಸಿಟ್ಟಿದ್ದೆ.

ಹಿತ್ತಲಿಂದ ಅಜ್ಜಿಯ ದನಿ ಬಂತು. “ಹೋಗು ವಾಣಿ, ಬ್ಯಾರೆ ಮಾಡಿಕೊಟ್ಟು ಬಾ. ನಿಮ್ಮಪ್ಪ ಬಸ್‌ಸ್ಟ್ಯಾಂಡಿಗೆ ಹೋಗ್ಯಾನ. ಗಡಬಡಿ ಮಾಡಬ್ಯಾಡ.”

ನಾನು ಕಟ್ಟೆಯ ಮೇಲೆ ಕುಕ್ಕರುಗಾಲಲ್ಲಿ ಕೂತೆ. ಅವನೂ ಎದುರಿಗೆ ಕೂತ. ಇಬ್ಬರೂ ರದ್ದಿ ಕಾಗದದಿಂದ ಅನ್ನ ಬಿಡಿಸುತ್ತಿದ್ದೆವು. ಖಾಜಾಸಾಬ ಗಾಡಿ ಬಿಟ್ಟು ಬೀಡಿ ಹಚ್ಚಲು ಆಚೆ ಹೋದ.

“ಇವತ್ತಿಂದು ನಾ ಮಾಡಿದ್ದಲ್ಲ,” ಅಂದೆ. “ಉಳದದ್ದೆಲ್ಲಾ ನಾನ. ನಿಮ್ಮನ್ನ ನೋಡ್ಲಿಕ್ಕೆ. ನೀವಂದ್ರ ನನಗ ಜೀವ.”

“ಗೊತ್ತೈತ್ರಿ.” ಅವನು ತಲೆ ಎತ್ತಲಿಲ್ಲ. “ಎರಡು ಸಲ ಕೂಡಿಸಿದ ಮನಿಗೆ ನೋಟಿಸ್ ಕೊಡ್ತೇನಿ. ನಿಮಗ ಒಂದಾದ್ರೂ ಕೊಟ್ಟೇನೇನ್ರಿ?”

ನಾನು ನಕ್ಕೆ, ಕಣ್ಣೀರೂ ಬಂತು. ಅನ್ನದ ಕೈ, ಒರೆಸಿಕೊಳ್ಳಲೂ ಬರುವಂತಿರಲಿಲ್ಲ.

ಅವನು ಎದ್ದ. ಬಕೆಟ್ ಖಾಲಿ ಮಾಡಿದ. ಗಾಡಿಯ ಹಿಡಿಕೆ ಹಿಡಿದು ನಿಂತು ಅಂದ, “ಅಲ್ಲಿ ಸರಿಯಾಗಿ ಬ್ಯಾರೆ ಮಾಡ್ರಿ. ಯಾರೂ ಬಾಗಿಲಿಗೆ ಬಂದು ನಿಮ್ಮನ್ನ ಕರೀಬಾರ್ದು.”

ಗಂಟೆ ಓಣಿಯ ತಿರುವಿನವರೆಗೆ ಕೇಳಿಸಿತು.

ಒಳಗೆ ಹೋದರೆ ಅಜ್ಜಿ ಬಚ್ಚಲಲ್ಲಿ ಕೂತು ತಣ್ಣೀರು ಸುರಿದುಕೊಳ್ಳುತ್ತಿದ್ದಳು. ಆ ಮುಂಜಾನೆಯ ಎರಡನೆಯ ಸ್ನಾನ. ನನ್ನ ಮುಖ ನೋಡಿ ತಂಬಿಗೆ ಕೆಳಗಿಟ್ಟಳು.

“ನನ್ನ ಕೈಲೆ ಇಷ್ಟ ಆಗಿದ್ದು ನೋಡವಾ,” ಅಂದಳು.