ಬರ್ತೀನಿ ಅಂತ ಹೋದವಳು

ಲೈಬ್ರರಿಯ ಕೌಂಟರಿನ ಮುಂದೆ ತಲೆ ಮೇಲೆ ಕೊಂಬಿರುವ ಗಂಡಸೊಬ್ಬ ನಿಂತಿದ್ದ!

ಮೈಥಿಲಿ ಬೆಚ್ಚಿದಳು, ಮರುಕ್ಷಣ ನಕ್ಕುಬಿಟ್ಟಳು. ಮೈಸೂರಿನಲ್ಲಿ ನಾಟಕದ ಯಮನಿಗೆ ಮಾತ್ರ ಇಂಥ ಕೊಂಬು ನೋಡಿದ್ದಳು. ಯೂನಿಯನ್ ಸಿಟಿಯ ಅಣ್ಣನ ಮನೆಯಿಂದ ಹೇವರ್ಡ್ ಕ್ಯಾಂಪಸ್ಸಿಗೆ ಓಡಾಡಿಕೊಂಡು ಓದುತ್ತಾ, ಅಲ್ಲಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ. ಎಂಬತ್ತಮೂರರಲ್ಲಿ ಅಮೆರಿಕಕ್ಕೆ ಬಂದಂದಿನಿಂದ ಅವಳು ಹಾಗೆ ನಕ್ಕಿರಲಿಲ್ಲ.

“ವೈಕಿಂಗಾ? ಆ ಹಳೇ ಕಾಲದ ಕಡಲುಗಳ್ಳರು?”

“ವೈಕಿಂಗರು ಕೊಂಬು ಹಾಕ್ಕೊಳ್ತಾನೇ ಇರಲಿಲ್ಲ,” ಎಂದ ಅವನು, ತೀರಾ ಗಂಭೀರವಾಗಿ. “ಹೋದ ಶತಮಾನದ ಚಿತ್ರಕಾರರು, ನಾಟಕದವರು ಅಂಟಿಸಿದ್ದು. ನಾರ್ವೆ ನೂರಾರು ವರ್ಷ ಪರರ ಕೈಕೆಳಗಿತ್ತು. ನಾವು ಯಾರು ಅಂತ ಹೇಳ್ಕೊಳ್ಳೋಕೆ ಮರೆತುಹೋದ ದೇವರುಗಳನ್ನೆಲ್ಲ ಎಬ್ಬಿಸಿದ್ರು.”

“ಮತ್ತೆ ನೀವ್ಯಾಕೆ ಹಾಕ್ಕೊಂಡಿದ್ದೀರಿ?”

“ನಾಟಕಕ್ಕೆ ಅಂತ ನಮ್ಮಜ್ಜಿ ಈ ಟೊಪ್ಪಿ ಹೊಲಿದದ್ದು. ಬೇಡ ಅನ್ನೋ ಧೈರ್ಯ ನನಗಿಲ್ಲ.”

ಹೆಸರು ಹಾಲ್ವರ್ಡ್. ಚರಿತ್ರೆಯ ವಿದ್ಯಾರ್ಥಿ. ಹೇವರ್ಡಿನ ಹಾಲ್ವರ್ಡ್ ಎಂದು ಮೈಥಿಲಿ ಮನಸ್ಸಿನಲ್ಲೇ ಹೇಳಿಕೊಂಡು ಮತ್ತೆ ನಕ್ಕಳು. ಪ್ರೀತಿ ಹೀಗೂ ಶುರುವಾಗುತ್ತದೆ, ಏನು ಮಾಡುವುದು!

ಶನಿವಾರಗಳಂದು ಅವಳು, ಅವನಂಥ ನಾರ್ವೆ ಮೂಲದವರು ಸೇರುತ್ತಿದ್ದ ಹಾಲ್‌ಗೆ ಹೋಗತೊಡಗಿದಳು. ಅವನು ಅವಳಿಗೆ ಕಥೆ ಹೇಳಿದ, ಅವಳು ಅವನಿಗೆ ಕನ್ನಡ ಕಲಿಸಿದಳು. ಬರ್ತೀನಿ, ಹೋಗ್ತೀನಿ, ತಿಂತೀನಿ... ಅವನು ಮಗುವಿನಂತೆ ಗಟ್ಟಿಯಾಗಿ ಒಪ್ಪಿಸುತ್ತಿದ್ದ.

ಅಲ್ಲಿ ಪ್ರತಿ ವರ್ಷ ಬಾಲ್ಡರ್ ದೇವರ ನಾಟಕ. ಬಾಲ್ಡರ್ ಸತ್ತಾಗ, ಜಗತ್ತೆಲ್ಲ ಅತ್ತರೆ ಅವನು ಮರಳಿ ಬರಬಹುದು ಎಂದು ಸಾವಿನ ದೇವತೆ ಮಾತು ಕೊಡುತ್ತಾಳೆ. ಕಲ್ಲೂ ಅಳುತ್ತದೆ. ಒಬ್ಬ ಮುದುಕಿ ಮಾತ್ರ ಅಳುವುದಿಲ್ಲ, ಬಾಲ್ಡರ್ ಬರುವುದಿಲ್ಲ.

ಆ ಮುದುಕಿಯ ಪಾರ್ಟು ಹಾಲ್ವರ್ಡನ ಅಜ್ಜಿಯದು. “ಒಳ್ಳೆಯವರು ಯಾರೂ ಒಪ್ಪಲ್ಲ, ಅದಕ್ಕೇ ನಾನು,” ಎಂದು ಮೈಥಿಲಿಯ ಕೈ ಹಿಡಿದು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಳ್ಳುತ್ತಿದ್ದಳು.

ನವೆಂಬರಿನ ಒಂದು ಶನಿವಾರ ಹಾಲ್ವರ್ಡನ ಭಾಷಣವಿತ್ತು. ಬಸ್ಸು ತಡವಾಗಿ, ಮೈಥಿಲಿ ಬಾಗಿಲಿಗೆ ಬಂದಾಗ ಅವನು ಹೇಳುತ್ತಿದ್ದ: “ಒಂದು ಜನಾಂಗದ ಆತ್ಮ ಅದರ ನೆಲದಲ್ಲಿ, ಅದರ ದೇವರುಗಳಲ್ಲಿ ಇರುತ್ತೆ. ಹೊರಗಿನವರು ಎಷ್ಟು ಪ್ರೀತಿಸಿದ್ರೂ ಅದರೊಳಗೆ ಸೇರಲಾರರು.”

ಹೊರಗಿನವರು...

ನಾನೇ ಅಲ್ಲವೇ ಅದು? ಅವಳ ಕಾಲು ಮುಂದೆ ಬರಲಿಲ್ಲ.

ಅವನು ಅವಳನ್ನು ನೋಡಿ ಮಾತು ನಿಲ್ಲಿಸಿದ.

“ನಾನು ಬರ್ತೀನಿ,” ಎಂದಳು, ಕನ್ನಡದಲ್ಲಿ.

ಅವನು ನಕ್ಕ. “ಸರಿ,” ಎಂದು ತಲೆಯಾಡಿಸಿ ಮತ್ತೆ ಸಭೆಯ ಕಡೆ ತಿರುಗಿದ.

ನಕ್ಕ! ತಡೆಯಲಿಲ್ಲ, ಯಾಕೆಂದು ಕೇಳಲಿಲ್ಲ. ಮೈಥಿಲಿ ಮರುವಾರವೇ ಲೈಬ್ರರಿ ಕೆಲಸ ಬಿಟ್ಟಳು, ಕ್ಯಾಂಪಸ್ಸಿನಲ್ಲೂ ಅವನ ಕಣ್ಣಿಗೆ ಬೀಳದಂತೆ ಓಡಾಡಿದಳು. ಅಣ್ಣನಿಗೆ ಹೆದರಿ, ಮನೆಗೆ ಫೋನು ಮಾಡಬೇಡ ಎಂದು ಹಾಲ್ವರ್ಡನಿಂದ ಆಣೆ ಹಾಕಿಸಿಕೊಂಡಿದ್ದವಳು ಇವಳೇ. ಫೋನು ಬರಲಿಲ್ಲವೆಂದು ಸಂಕಟಪಟ್ಟವಳೂ ಇವಳೇ. ಕಣ್ಣಲ್ಲಿ ಮಾತ್ರ ಒಂದು ಹನಿ ಬರಲಿಲ್ಲ.

ಚಳಿಗಾಲ ಕಳೆಯಿತು. ಅಣ್ಣ ಗುರುಪ್ರಸಾದ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿದ್ದ ಅರವಿಂದನ ಜಾತಕ ತಂದ. “ಭಾನುವಾರ ಅವರಿಗೆ ಉತ್ತರ ಹೇಳ್ಬೇಕು ಕಣೇ.”

ಶನಿವಾರ ಅತ್ತಿಗೆ ವಸುಧಾ, ಹುರುಳಿಕಾಯಿ ಮುರಿಯುತ್ತಾ, ಸುಮ್ಮನೆ ಕೇಳಿದಳು. “ಯಾರೇ ಅವನು?”

ಮೈಥಿಲಿ ಎಲ್ಲ ಹೇಳಿಬಿಟ್ಟಳು. “ನಾನು ಬರ್ತೀನಿ ಅಂದೆ ಅತ್ತಿಗೆ. ಅವನು ನಕ್ಕು ಸರಿ ಅಂದ. ಅಷ್ಟೇ.”

ವಸುಧಾಳ ಕೈ ನಿಂತಿತು. “ಅಯ್ಯೋ ಮಂಕೇ... ಅವನಿಗೆ ಕನ್ನಡ ಕಲಿಸಿದ್ದು ಯಾರು?”

“ನಾನೇ.”

“ಬರ್ತೀನಿ ಅಂದ್ರೆ ಏನು ಅಂತ ಕಲಿಸಿದ್ದೆ?”

“ಬರ್ತೀನಿ ಅಂದ್ರೆ... ಬರ್ತೀನಿ ಅಂತ.”

“ಹೋಗೋವಾಗ ಹೋಗ್ತೀನಿ ಅನ್ನಬಾರದು, ಅದಕ್ಕೇ ಹಾಗಂತೀವಿ ಅಂತ ಹೇಳಿದ್ಯಾ?”

“ಇಲ್ಲ ಅತ್ತಿಗೆ... ಹಾಗಾದ್ರೆ ಅವನು ಕಾಯ್ತಾ ಇದಾನೆ!”

“ಏಳು. ಕಾರು ತೆಗೀತೀನಿ. ನಿಮ್ಮಣ್ಣನ್ನ ನಾನು ನೋಡ್ಕೋತೀನಿ.”

ಮಧ್ಯಾಹ್ನದ ಹಾಲ್‌ನಲ್ಲಿ ಹಾಲ್ವರ್ಡ್ ಒಬ್ಬನೇ ಇದ್ದ. ಮುಂದಿನ ಸಾಲಿನಲ್ಲಿ ಎರಡು ಕುರ್ಚಿ. ಒಂದರ ಮೇಲೆ ಅಜ್ಜಿಯ ಕಪ್ಪು ಶಾಲು ಮಡಿಸಿಟ್ಟಿತ್ತು, ಇನ್ನೊಂದು ಖಾಲಿ.

“ಅಜ್ಜಿ ಎಲ್ಲಿ?”

ಅವನು ಶಾಲಿನ ಕಡೆ ನೋಡಿದ. “ಜನವರಿಯಲ್ಲಿ ಹೋದ್ಳು... ಕೊನೇವರೆಗೂ ಕೇಳ್ತಿದ್ಳು, ಆ ಹುಡುಗಿ ಬಂದ್ಲಾ ಅಂತ. ಬರ್ತೀನಿ ಅಂದಿದಾಳೆ ಅಂತಿದ್ದೆ. ನಿನ್ನ ಈ ಕುರ್ಚಿ ಎತ್ತೋಕೆ ಯಾರನ್ನೂ ಬಿಡಲಿಲ್ಲ ಅವಳು.”

ಇಷ್ಟು ದಿನ ಬಾರದ ಅಳು ಆಗ ಬಂತು. ಮೈಥಿಲಿ ಆ ಶಾಲಿಗೆ ಮುಖ ಒತ್ತಿ ಬಿಕ್ಕಿಬಿಕ್ಕಿ ಅತ್ತಳು. ಜಗತ್ತೆಲ್ಲ ಅತ್ತರೂ ಅಜ್ಜಿ ಮರಳಿ ಬರುವವಳಲ್ಲ.

“ಹೊರಗಿನವರು ಸೇರಲಾರರು ಅಂದೆಯಲ್ಲ ನೀನು...”

“ಅದು ಹೋದ ಶತಮಾನದವರ ಮಾತು. ನಾನು ಓದಿ ಹೇಳ್ತಿದ್ದೆ. ಅವರು ತಪ್ಪು ಅನ್ನೋದೇ ನನ್ನ ಭಾಷಣ. ನೀನು ಬಂದ ಮೇಲೆ ಆ ಭಾಗ ಹೇಳೋಣ ಅಂತ... ನಿಧಾನ ಮಾಡಿದೆ.” ಅವನು ಅವಳ ಕಡೆ ತಿರುಗಿದ. “ನಾನು ನಿನ್ನ ಪ್ರೀತಿಸ್ತೀನಿ ಮೈಥಿಲಿ. ಯಾಕೆ ಬರಲಿಲ್ಲ?”

“ನಮ್ಮಲ್ಲಿ ಅದು ಹೋಗೋವಾಗ ಹೇಳೋ ಮಾತು ಕಣೋ. ನಾನು ಕಲಿಸಲೇ ಇಲ್ಲ ನಿಂಗೆ.”

ಅವನು ಶಾಲನ್ನು ಮತ್ತೆ ಮಡಿಸಿ ಅಜ್ಜಿಯ ಕುರ್ಚಿಯ ಮೇಲಿಟ್ಟ. ಆಮೇಲೆ ತಡವರಿಸುತ್ತಾ ಕನ್ನಡದಲ್ಲಿ ಕೇಳಿದ.

“ಮತ್ತೆ... ನಿಜವಾಗ್ಲೂ ಬಂದಾಗ ಏನಂತಾರೆ?”

ಅವಳು ಕಣ್ಣೊರೆಸಿಕೊಂಡು ಆ ಖಾಲಿ ಕುರ್ಚಿಯಲ್ಲಿ ಕೂತಳು.

“ಬಂದೆ,” ಎಂದಳು.